ಮಗಳ ಮುಷ್ಟಿಯಲ್ಲಿ ಗೆಣಸು

ಬೆಂಗಳೂರಿನಲ್ಲಿ ನಮ್ಮಂಥ ಐಟಿ ಕೆಲಸದವರಿಗೆ ಮಗು ಹುಟ್ಟಿ ಐದು ತಿಂಗಳಾಗುವಷ್ಟರಲ್ಲಿ ಯಾರಾದರೊಬ್ಬರು ಒಂದು ಪುಸ್ತಕ ತಂದು ಕೈಗಿಡುತ್ತಾರೆ. ಗಿಲ್ ರಾಪ್ಲಿ ಮತ್ತು ಟ್ರೇಸಿ ಮರ್ಕೆಟ್ ಬರೆದ ‘ಬೇಬಿ-ಲೆಡ್ ವೀನಿಂಗ್’. 2008ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ರಾಪ್ಲಿ ಅಲ್ಲಿ ಮನೆಮನೆಗೆ ಹೋಗಿ ತಾಯಿ-ಮಕ್ಕಳನ್ನು ನೋಡುವ ಹೆಲ್ತ್ ವಿಸಿಟರ್ ಆಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಪುಸ್ತಕದ ಸಾರ ಇಷ್ಟೇ: ಆರು ತಿಂಗಳು ತುಂಬಿದ ಮಗುವಿಗೆ ರುಬ್ಬಿದ್ದು ಬೇಡ, ಸೋಸಿದ್ದು ಬೇಡ, ಚಮಚವೂ ಬೇಡ. ನೆಟ್ಟಗೆ ಕೂರಿಸಿ, ಮೆತ್ತಗೆ ಬೇಯಿಸಿದ್ದನ್ನು ಬೆರಳುದ್ದ ಕತ್ತರಿಸಿ ಮುಂದಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರಿ. ತಿನ್ನೋದು ಬಿಡೋದು ಅದರ ಇಷ್ಟ.

ತುಮಕೂರು ಕಡೆಯ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಬಂದ ಮೊದಲ ಮಾತು, ‘ಹಲ್ಲೇ ಇಲ್ವಲ್ಲೋ, ಗಂಟಲಿಗೆ ಸಿಕ್ಕಿಕೊಂಡ್ರೆ?’

ಪುಸ್ತಕದ ಅತ್ಯುತ್ತಮ ಪುಟಗಳು ಈ ಪ್ರಶ್ನೆಗೇ ಉತ್ತರ ಕೊಡುತ್ತವೆ. ಮೆತ್ತಗಿರುವುದನ್ನು ಅರೆಯಲು ವಸಡು ಸಾಕು. ಆ ವಯಸ್ಸಿನಲ್ಲಿ ಮಗು ಹಿಡಿಯುವುದು ಇಡೀ ಮುಷ್ಟಿಯಿಂದ, ಹೆಬ್ಬೆರಳು-ತೋರುಬೆರಳು ಸೇರಿಸಿ ಹೆಕ್ಕುವುದು ಒಂಬತ್ತು ತಿಂಗಳ ಹೊತ್ತಿಗೆ. ಅದಕ್ಕೇ ಮುಷ್ಟಿಯಿಂದ ಆಚೆ ಚಾಚಿಕೊಂಡಿರುವಷ್ಟು ಉದ್ದದ ತುಂಡು ಬೇಕು. ಇನ್ನು ಓಕರಿಕೆ. ಆರು ತಿಂಗಳಿನಲ್ಲಿ ಓಕರಿಕೆ ಬರಿಸುವ ಜಾಗ ನಾಲಿಗೆಯ ಮೇಲೆ ದೊಡ್ಡವರಿಗಿಂತ ಮುಂದೆ ಇರುತ್ತದೆ. ಮಗು ಮುಖ ಕೆಂಪಗೆ ಮಾಡಿಕೊಂಡು ‘ವ್ಯಾಕ್’ ಅಂದರೆ ತುಂಡನ್ನು ಹೊರಗೆ ತಳ್ಳುತ್ತಿದೆ ಎಂದರ್ಥ. ನಿಜವಾಗಿ ಉಸಿರುಗಟ್ಟಿದ ಮಗು ಸದ್ದು ಮಾಡಲಾರದು. ಇಷ್ಟು ತಿಳಿದುಕೊಳ್ಳುವುದಕ್ಕೇ ಈ ಪುಸ್ತಕ ಓದಬಹುದು. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಕೊಬ್ಬರಿ ಚೂರು ಇವನ್ನು ಯಾವ ವಿಧಾನದಲ್ಲೂ ಕೊಡುವಂತಿಲ್ಲ. ಮಗುವನ್ನು ಒಂದನ್ನೇ ಬಿಟ್ಟು ಏಳುವಂತೆಯೂ ಇಲ್ಲ.

ರಾಪ್ಲಿಯವರ ಇನ್ನೊಂದು ವಾದವೂ ಗಟ್ಟಿಯಾಗಿದೆ. ಮೊದಲು ಅವರ ಕಡೆ ಮೂರು-ನಾಲ್ಕು ತಿಂಗಳಿಗೇ ಮೇಲಿನ ಆಹಾರ ಶುರುವಾಗುತ್ತಿತ್ತು. ಆ ವಯಸ್ಸಿಗೆ ರುಬ್ಬದೆ ಗತಿಯಿಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳವರೆಗೆ ಎದೆಹಾಲಷ್ಟೇ ಸಾಕು ಎಂದಿತು. ವಯಸ್ಸು ಮುಂದಕ್ಕೆ ಹೋಯಿತು, ಮಿಕ್ಸಿ ಮಾತ್ರ ಹಾಗೇ ಉಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳೇ ವರ್ಷನ್ನಿಗೆ ಬರೆದ ಕೋಡನ್ನು ಯಾರೂ ತೆಗೆದಿರಲಿಲ್ಲ.

ಈ ಪುಸ್ತಕದ ಮಾತು ಬಂದಾಗಲೆಲ್ಲ ‘ಇದೆಲ್ಲ ನಮ್ಮ ಅಜ್ಜಿಯರಿಗೆ ಆಗಲೇ ಗೊತ್ತಿತ್ತು’ ಅನ್ನುವವರು ಸಿಗುತ್ತಾರೆ. ಏನು ಗೊತ್ತಿತ್ತು? ನಮ್ಮೂರಿನಲ್ಲಿ ನಾನು ಕಂಡದ್ದು, ಚಾಚಿದ ಕಾಲಿನ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಕೈ ಎರಡೂ ಒತ್ತಿ ಹಿಡಿದು, ಒಳಲೆಯಲ್ಲಿ ರಾಗಿ ಸರಿ ಹೊಯ್ಯುವುದನ್ನು. ಅತ್ತರೆ ಬಾಯಿ ತೆರೆಯಿತಲ್ಲ, ಇನ್ನೊಂದು ಒಳಲೆ. ನಮ್ಮ ಮಾತಿನಲ್ಲೂ ಇದೇ ಇದೆ. ‘ಮಗು ಉಂಡಿತಾ’ ಅಂತ ಯಾರೂ ಕೇಳಲ್ಲ, ‘ಮಗೂಗೆ ಉಣಿಸಿದ್ಯಾ’ ಅಂತಾರೆ. ಉಣ್ಣುವ ಕ್ರಿಯೆ ತಾಯಿಯದು. ಲೋಟ ಖಾಲಿಯಾಗದಿದ್ದರೆ ತಪ್ಪೂ ತಾಯಿಯದೇ. ನನ್ನ ಮಗಳು ತೂಕದ ಚಾರ್ಟಿನಲ್ಲಿ ಕೆಳಗಿನ ಗೆರೆಗೆ ಹತ್ತಿರ ಇದ್ದಳು. ಆ ತಿಂಗಳುಗಳಲ್ಲಿ ಎರಡೂ ಕಡೆಯ ಮನೆಯವರು ದಿನಾ ಕೇಳುತ್ತಿದ್ದದ್ದು ‘ಎಷ್ಟು ತಿಂದ್ಲು’ ಅಂತ. ಕೇಳುತ್ತಿದ್ದದ್ದು ನನ್ನನ್ನಲ್ಲ, ಹೆಂಡತಿಯನ್ನು. ಆ ‘ಎಷ್ಟು’ ಮಗುವಿಗೆ ಬಿಟ್ಟ ವಿಷಯ ಎಂದು ಪುಸ್ತಕವೊಂದು ಹೇಳಿದಾಗ ಅವಳಿಗಾದ ನಿರಾಳ ನಾನು ನೋಡಿದ್ದೇನೆ. ಹಾಗಾಗಿ ಇದನ್ನು ಶ್ರೀಮಂತರ ಖಯಾಲಿ ಅಂತ ತಳ್ಳಿಹಾಕುವುದು ನನ್ನಿಂದ ಆಗಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಚಮಚವನ್ನು ಖಳನಾಯಕ ಮಾಡಿರುವುದು ಒಂದು. ಅವರ ಚಮಚದಲ್ಲಿದ್ದದ್ದು ಡಬ್ಬಿಯ ಪ್ಯೂರಿ. ನಮ್ಮಲ್ಲಿ ಬೇಳೆ, ಸೊಪ್ಪು, ಅನ್ನ ಕಲಸಿಯೇ ತಿನ್ನುವಂಥವು. ದೊಡ್ಡವರೂ ಹಾಗೇ ತಿನ್ನುವುದು. ಅವನ್ನು ಬೆರಳುದ್ದದ ತುಂಡು ಮಾಡೋದು ಹೇಗೆ? ಇಡ್ಲಿ, ಗೆಣಸು, ಸಿಹಿಗುಂಬಳ, ಬಾಳೆಹಣ್ಣು ಸರಿಹೋಗುತ್ತವೆ. ಮುದ್ದೆಯಂತೂ ಈ ತತ್ವಕ್ಕೇ ಸವಾಲು. ಮಗು ಮೊದಲು ಅಗಿಯಲು ಕಲಿತು ಆಮೇಲೆ ನುಂಗಬೇಕು ಅಂತಾರೆ ರಾಪ್ಲಿ. ಮುದ್ದೆ ಅಗಿಯುವವನನ್ನು ನಮ್ಮ ಕಡೆ ನೆಂಟನೆಂದೇ ಒಪ್ಪಲ್ಲ!

ತಮಾಷೆ ಇರಲಿ, ಇದರ ಹಿಂದೆ ಕಬ್ಬಿಣಾಂಶದ ಪ್ರಶ್ನೆ ಇದೆ. ಹುಟ್ಟುವಾಗ ತಂದುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ತೀರುತ್ತಾ ಬರುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 206 ತಾಯಂದಿರನ್ನು ಸೇರಿಸಿ ಈ ವಿಧಾನವನ್ನು ಪರೀಕ್ಷಿಸಿದರು. 2016 ಮತ್ತು 2017ರಲ್ಲಿ ಬಂದ ಫಲಿತಾಂಶ ಸಮಾಧಾನ ಕೊಡುವಂತಿದೆ. ಕೈಯಾರೆ ತಿಂದ ಮಕ್ಕಳಲ್ಲಿ ಉಸಿರುಗಟ್ಟುವುದು ಹೆಚ್ಚಿರಲಿಲ್ಲ, ಊಟದ ತಕರಾರು ಕಡಿಮೆ ಇತ್ತು. ಆದರೆ ದಪ್ಪಗಾಗುವುದು ತಪ್ಪುತ್ತದೆ ಅನ್ನುವ ನಿರೀಕ್ಷೆ ನಿಜವಾಗಲಿಲ್ಲ. ಮುಖ್ಯವಾದ ಮಾತು, ಅವರು ಪರೀಕ್ಷಿಸಿದ್ದು ತಿದ್ದಿದ ವಿಧಾನವನ್ನು: ಪ್ರತಿ ಊಟದಲ್ಲೂ ಕಬ್ಬಿಣ ಹೆಚ್ಚಿರುವುದೊಂದು, ಶಕ್ತಿ ಹೆಚ್ಚಿರುವುದೊಂದು ಇರಲೇಬೇಕು ಎಂದು ತಾಯಂದಿರಿಗೆ ಹೇಳಿಕೊಟ್ಟಿದ್ದರು. ಅಲ್ಲಿ ಅದಕ್ಕೆ ಮಾಂಸವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಇಂಥ ಕಡೆ ಸೌತೆಕಾಯಿ ಚೀಪಿಸುತ್ತಾ ಕೂತರೆ ಆಗದು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿಯ ಸರಿಯನ್ನು ಹೊರಗಿಡುವ ಸಿದ್ಧಾಂತ ನನಗೆ ಬೇಡ. ಸರಿಯನ್ನು ಗಟ್ಟಿಯಾಗಿ ಮಾಡಿ ಚಮಚವನ್ನು ಮಗಳ ಕೈಗೇ ಕೊಟ್ಟರಾಯಿತು. ಅರ್ಧ ಮೂಗಿಗೆ, ಕಾಲು ಕಿವಿಗೆ, ಉಳಿದದ್ದು ಬಾಯಿಗೆ.

ಮಗುವಿನ ಆಯ್ಕೆಯ ಮಾತು ಬಂದಾಗ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಹೆಸರು ಬರುತ್ತದೆ. 1920-30ರ ದಶಕದಲ್ಲಿ 15 ಮಕ್ಕಳ ಮುಂದೆ ಬಗೆಬಗೆಯ ಆಹಾರವಿಟ್ಟು ಬೇಕಾದ್ದು ತಿನ್ನಲು ಬಿಟ್ಟರು. ಎಲ್ಲರೂ ಚೆನ್ನಾಗಿ ಬೆಳೆದರು. ಎರಡು ಸಂಗತಿ ಜನ ಹೇಳಲ್ಲ. ದಾದಿಯರ ಕೈಯಲ್ಲಿ ಚಮಚ ಇತ್ತು, ಮಗು ಕೈ ಚಾಚಿ ತೋರಿಸಿದರೆ ಮಾತ್ರ ಅದು ಮೇಲೇಳಬೇಕಿತ್ತು. ಮತ್ತೆ, ಪಟ್ಟಿಯಲ್ಲಿದ್ದ 34 ಪದಾರ್ಥಗಳಲ್ಲಿ ಸಕ್ಕರೆಯಾಗಲಿ ಮೈದಾ ತಿಂಡಿಯಾಗಲಿ ಇರಲಿಲ್ಲ. ಗುಟ್ಟು ಇರುವುದು ಆ ಪಟ್ಟಿಯಲ್ಲೇ ಎಂದು ಡೇವಿಸ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗೆ ನೋಡಿದರೆ ನಮ್ಮ ಹಳ್ಳಿಗಳಲ್ಲಿ ಮಗು ತಾನೇ ಕೈಯಲ್ಲಿ ಹಿಡಿದು ತಿನ್ನುವ ಪದ್ಧತಿ ಇದೆ. ಗ್ಲೂಕೋಸ್ ಬಿಸ್ಕತ್ತು! ಕೈಗೊಂದು ಕೊಟ್ಟು ಕೂರಿಸಿ ಕೆಲಸಕ್ಕೆ ಹೋಗುತ್ತಾರೆ. ಕೈ ಮಗುವಿನದು, ಪಟ್ಟಿ ಅಂಗಡಿಯವನದು.

ನನ್ನ ದೊಡ್ಡ ತಕರಾರು ಪುಸ್ತಕ ಚರ್ಚಿಸದೆಯೇ ಹಿಡಿದುಕೊಂಡಿರುವ ಒಂದು ಊಹೆಯ ಬಗ್ಗೆ. ಮಗು ದೊಡ್ಡವರ ಜೊತೆ ಕೂತು, ಅವರು ತಿನ್ನುವುದನ್ನು ನೋಡಿ ಕಲಿಯಬೇಕು ಅಂತಾರೆ. ಸರಿಯಾದ ಮಾತು. ಆದರೆ ಅದಕ್ಕೆ ಇಡೀ ಮನೆ ಒಟ್ಟಿಗೆ ಊಟಕ್ಕೆ ಕೂರಬೇಕಲ್ಲ? ನಾನು ಬೆಳೆದ ಮನೆಯಲ್ಲಿ ಗಂಡಸರು, ಮಕ್ಕಳು ಮೊದಲು. ಬಡಿಸಿದವರು ಕೊನೆಗೆ, ಒಲೆಯ ಪಕ್ಕ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಊರಿಂದ ನಾಲ್ಕು ಜನ ಬಂದರೆ ಸಾಕು, ಅದೇ ಸಾಲು ತಾನಾಗಿ ನಿಲ್ಲುತ್ತದೆ. ಬಾಣಂತನ ಮುಗಿಸಿ ಬಂದ ತಾಯಿ ಎಲ್ಲರದೂ ಆದಮೇಲೆ ಹತ್ತು ಗಂಟೆಗೆ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಮಗು ನಿದ್ದೆಯಲ್ಲಿರುತ್ತದೆ. ಅದು ಯಾರನ್ನು ನೋಡಿ ಕಲಿಯಬೇಕು? ಹೆಚ್ಚೆಂದರೆ ಮೊಬೈಲು ನೋಡುತ್ತಾ ಉಣ್ಣುವ ಅಪ್ಪನನ್ನು. ಚೆಲ್ಲಿದ್ದನ್ನು ಒರೆಸುವುದರ ಬಗ್ಗೆ ಪುಸ್ತಕ ಸಲಹೆ ಕೊಡುತ್ತದೆ, ಸರಿ. ಒರೆಸುವವರು ಯಾರು ಅನ್ನುವುದೂ ನಮ್ಮಲ್ಲಿ ಕೇಳಲೇಬೇಕಾದ ಪ್ರಶ್ನೆ.

ಇದನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಓಕರಿಕೆಯ ಪುಟಗಳನ್ನು ಹಾಗೇ ತರಲಿ, ಅಂಗನವಾಡಿಯಲ್ಲಿ ಅಂಟಿಸುವಷ್ಟು ಉಪಯುಕ್ತ. ತರಕಾರಿ ಪಟ್ಟಿ ಬದಲಾಯಿಸೋದು ಸುಲಭ. ಒಟ್ಟಿಗೆ ಊಟ ಮಾಡುವ ಅಧ್ಯಾಯವನ್ನು ಮಾತ್ರ ಹೊಸದಾಗಿ ಬರೆಯಬೇಕು, ಅದನ್ನು ಗಂಡಸರಿಗೆ ಬರೆಯಬೇಕು.