ಬಂದೂಕಿನ ಮೇಲೆ ನಿಂತ ಕ್ಯಾಮೆರಾ

ಸಶಸ್ತ್ರ ಹೋರಾಟದ ಸಾಕ್ಷ್ಯಚಿತ್ರ ನೋಡುವಾಗ ನಾನು ಮೊದಲು ಗಮನಿಸುವುದು ಕ್ಯಾಮೆರಾ ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು. ಅರ್ಜೆಂಟೀನಾದ ಸೊಲಾನಸ್ ಮತ್ತು ಗೆಟಿನೊ 1968ರಲ್ಲಿ ಮಾಡಿದ ‘ದಿ ಅವರ್ ಆಫ್ ದಿ ಫರ್ನೇಸಸ್’ ಚಿತ್ರದ ಮೊದಲ ಭಾಗ ಮುಗಿಯುವುದು ಬೊಲಿವಿಯಾದಲ್ಲಿ ಸತ್ತು ಮಲಗಿದ ಚೆ ಗುವಾರನ ಮುಖದಲ್ಲಿ. ಕಣ್ಣು ತೆರೆದೇ ಇವೆ. ನಿಮಿಷಗಟ್ಟಲೆ ಅದೊಂದೇ ಮುಖ. ಇಷ್ಟು ಬಲವಾದ ಶಾಟ್ ಸಿನಿಮಾದಲ್ಲಿ ವಿರಳ. ಆದರೆ ಅಷ್ಟು ಹೊತ್ತು ಆ ಮುಖ ನೋಡಿದವರಿಗೆ, ಬೊಲಿವಿಯಾದ ರೈತರು ಅವನ ಹಿಂದೆ ಯಾಕೆ ಹೋಗಲಿಲ್ಲ ಎಂದು ಕೇಳಬೇಕೆನಿಸುವುದೇ ಇಲ್ಲ.

ಸಂಜಯ್ ಕಾಕ್ ಅವರ ‘ರೆಡ್ ಆ್ಯಂಟ್ ಡ್ರೀಮ್’ (2013) ಬಸ್ತರ್, ನಿಯಮಗಿರಿ, ಪಂಜಾಬ್ ಮೂರನ್ನೂ ಹೆಣೆಯುತ್ತದೆ. ನಿಯಮಗಿರಿಯ ಭಾಗ ನನಗೆ ಬಹಳ ಇಷ್ಟ. ಬಸ್ತರಿನ ಕಾಡಿಗೆ ಹೊಕ್ಕಾಗ ಮಾತ್ರ ಕ್ಯಾಮೆರಾ ಕವಾಯತಿಗೂ ಹಾಡಿಗೂ ಮನಸೋತು, ಮಾವೋವಾದಿ ಪಡೆಗೆ ಕಂಡಷ್ಟನ್ನೇ ನಮಗೂ ತೋರಿಸುತ್ತದೆ.

ಕಳಸ, ಶೃಂಗೇರಿ, ಕೊಪ್ಪದವರಿಗೆ ಇದು ದೂರದ ಮಾತಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಕಾಡಂಚಿನ ಮನೆಗಳಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಕೂತಿತು. ಅದೇ ಗುಡ್ಡಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯವರೆಗೂ ನಡೆದೇ ಇತ್ತು. ಗಣಿಗೆ ಇದ್ದ ಜಾಗ ಗದ್ದೆಗೆ ಯಾಕಿಲ್ಲ ಎಂಬ ಜನರ ಸಿಟ್ಟು ನ್ಯಾಯವಾದದ್ದು. ನಕ್ಸಲ್ ಚಳವಳಿ ಇಲ್ಲಿ ಕಾಲೂರಿದ್ದು ಆ ಸಿಟ್ಟಿನ ಮೇಲೆ.

2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಜನರ ಇತಿಹಾಸವನ್ನು ‘ಮೇಕಿಂಗ್ ಹಿಸ್ಟರಿ’ ಎಂಬ ಹೆಸರಿನಲ್ಲಿ ಎರಡು ಸಂಪುಟ ಬರೆದವರು. ವಿದ್ವಾಂಸ, ಕಾಡು, ಮಂಜು, ಸಾವು: ರಮ್ಯ ಚಿತ್ರವೊಂದಕ್ಕೆ ಬೇಕಾದದ್ದೆಲ್ಲ ಇಲ್ಲಿದೆ, ಅಂಥ ಚಿತ್ರ ಇಲ್ಲಿಗೇ ಮುಗಿದುಬಿಡುತ್ತದೆ. ಆದರೆ ನಾಲ್ಕೇ ದಿನದಲ್ಲಿ, ಆ ಸಾವಿನ ಸೇಡಿಗೆಂದು, ಪಾವಗಡದ ವೆಂಕಟಮ್ಮನಹಳ್ಳಿ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ದಾಳಿಯಾಯಿತು. ಸತ್ತ ಪೇದೆಗಳೂ ಬಡವರ ಮನೆಯ ಮಕ್ಕಳೇ. 2007ರ ಜುಲೈನಲ್ಲಿ ಒಡೆಯರಮಠದಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಸತ್ತವರಲ್ಲಿ ಆ ಮನೆಯ ಗಂಡ-ಹೆಂಡತಿಯೂ ಇದ್ದರು.

ಇಂಥ ಕಾಡಂಚಿನ ಮನೆಯವರ ಪಾಡು ಯಾವ ಚಿತ್ರಕ್ಕೂ ದಕ್ಕಿಲ್ಲ ಎಂಬುದೇ ನನ್ನ ಸಂಕಟ. ರಾತ್ರಿ ಬಂದೂಕಿನವರು ಜಗಲಿಗೆ ಬಂದು ಅನ್ನ ಕೇಳುತ್ತಾರೆ. ಇಲ್ಲವೆನ್ನಲು ಹೆದರಿಕೆ, ಹಸಿದು ಬಂದವರನ್ನು ಹಾಗೇ ಕಳಿಸಿ ಈ ಕಡೆಯವರಿಗೆ ಅಭ್ಯಾಸವೂ ಇಲ್ಲ. ಬೆಳಗಾದರೆ ಪೊಲೀಸರು: “ಎಷ್ಟು ಜನ ಉಂಡ್ರು? ಎಷ್ಟು ಅಕ್ಕಿ ಹಾಕಿದ್ರಿ?” ಉತ್ತರ ಹೇಳಿದರೆ ಒಬ್ಬರಿಗೆ ಮಾಹಿತಿದಾರ, ಹೇಳದಿದ್ದರೆ ಇನ್ನೊಬ್ಬರಿಗೆ ನಕ್ಸಲ್ ಬೆಂಬಲಿಗ. ಬಂದೂಕಿನ ರಮ್ಯತೆ ಆ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆಯೂ ನಿಲ್ಲದು.

ಚಳವಳಿಯನ್ನು ಪ್ರೀತಿಸಿಯೂ ಕಣ್ಣು ತೆರೆದಿಟ್ಟವರು ಇಲ್ಲದಿಲ್ಲ. ಫ್ರಾನ್ಸಿನ ಕ್ರಿಸ್ ಮಾರ್ಕರ್ ತನ್ನದೇ ಎಡಪಂಥದ ಸೋಲುಗಳನ್ನು ‘ಎ ಗ್ರಿನ್ ವಿದೌಟ್ ಎ ಕ್ಯಾಟ್’ (1977) ಚಿತ್ರದಲ್ಲಿ ಜೋಡಿಸಿ ನೋಡಿದ. ಅಷ್ಟಕ್ಕೂ ಸಮಾಧಾನವಾಗದೆ 1993ರಲ್ಲಿ ಮತ್ತೆ ಸಂಕಲನಕ್ಕೆ ಕೂತ. ಕಾಲ ಸರಿದಂತೆ ತನ್ನ ಚಿತ್ರವನ್ನೇ ತಿದ್ದುವ ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

2025ರ ಜನವರಿ 8ರಂದು ಮುಂಡಗಾರು ಲತಾ, ಕಳಸದ ಬಾಳೆಹೊಳೆಯ ವನಜಾಕ್ಷಿ ಸೇರಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು. ಟಿ.ವಿ.ಯವರಿಗೆ ಒಂದು ದಿನದ ಸುದ್ದಿ. ಸಾಕ್ಷ್ಯಚಿತ್ರ ಮಾಡುವವರ ಕೆಲಸ ಶುರುವಾಗಬೇಕಾದದ್ದು ಅದರ ಮರುದಿನದಿಂದ. ಶರಣಾದವರ ಮೇಲಿನ ಮೊಕದ್ದಮೆಗಳು ಹೇಗೆ ಸಾಗುತ್ತಿವೆ, ಉದ್ಯಾನದೊಳಗಿನ ಮನೆಗಳಿಗೆ ಪರಿಹಾರ ಎಲ್ಲಿಯವರೆಗೆ ಬಂತು ಎಂಬುದನ್ನು ಚಿತ್ರೀಕರಿಸಲಿ. ವೆಂಕಟಮ್ಮನಹಳ್ಳಿಯಲ್ಲಿ ಸತ್ತ ಪೇದೆಗಳ ಮನೆಗಳಿಗೂ ಹೋಗಲಿ. ಆ ರಾತ್ರಿಗಳಲ್ಲಿ ಅನ್ನ ಬಡಿಸಿದ ಹೆಂಗಸರಿಗೆ ಈಗ ವಯಸ್ಸಾಗಿದೆ. ಮೈಕನ್ನು ಮೊದಲು ಅವರ ಮುಂದಿಡಲಿ.