ಜೀಪಿನಿಂದ ಕಂಡ ಕಾಡು

ಅಕ್ಕನ ಮಗ ನೈರೋಬಿಯಲ್ಲಿ ಕೆಲಸಕ್ಕಿದ್ದಾನೆ. ಹಿಂದಿನ ಸಲ ಊರಿಗೆ ಬಂದಾಗ ಮಸಾಯಿ ಮಾರದ ಸಫಾರಿಯನ್ನು ನಮ್ಮ ಟೀವಿಗೆ ಜೋಡಿಸಿ ತೋರಿಸಿದ. ಒಂದು ಸಿಂಹಿಣಿ, ಅದರ ಸುತ್ತ ಹನ್ನೊಂದು ಗಾಡಿ. ಗಾಡಿಗಳನ್ನು ಎಣಿಸಿದ್ದು ನನ್ನ ಅಮ್ಮ. “ಪಾಪ, ಅದನ್ನು ನೆಮ್ಮದಿಯಲ್ಲಿ ಮಲಗಲಿಕ್ಕೂ ಬಿಡುವುದಿಲ್ಲವಾ?” ಎಂದು ಕೇಳಿ ಅವರು ಹಾಲು ಕರೆಯಲು ಎದ್ದು ಹೋದರು. ಅಳಿಯನಿಗೆ ಸ್ವಲ್ಪ ಬೇಸರವಾಯಿತು. “ಮಾವ, ನಮ್ಮ ಫಾರ್ಮಿನ ಗುಡ್ಡೆಯೂ ಮಳೆಗಾಲದಲ್ಲಿ ಹೀಗೇ ಕಾಣುತ್ತದಲ್ಲ?” ಎಂದ. ಮಾತು ಸುಳ್ಳಲ್ಲ. ಕೊಯಿಲದ ಜಾನುವಾರು ಸಂವರ್ಧನಾ ಕೇಂದ್ರದ ಹುಲ್ಲುಗುಡ್ಡೆಗಳು ಆಷಾಢದಲ್ಲಿ ಹಸುರಾಗಿ, ಮರವಿಲ್ಲದೆ, ಆಕಾಶದವರೆಗೆ ಹರಡಿಕೊಂಡಿರುತ್ತವೆ. ಸಿಂಹವೊಂದಿಲ್ಲ, ಅಷ್ಟೆ. ಫೋಟೋ ತೆಗೆಯುವವರ ಕಾರುಗಳು ಮಾತ್ರ ಅಲ್ಲಿಯೂ ಸಾಲುಗಟ್ಟುತ್ತವೆ.

ಸಫಾರಿಯನ್ನು ಹಳಿಯುವ ಯೋಗ್ಯತೆ ನನಗಿಲ್ಲ. ಕಬಿನಿಯಲ್ಲಿ ನಾನೂ ದುಡ್ಡು ಕೊಟ್ಟು ಜೀಪು ಹತ್ತಿದವನೇ. ಮತ್ತಿಮರದ ಕೊಂಬೆಯಲ್ಲಿ ಚಿರತೆಯ ಬಾಲ ಕಂಡಾಗ ಪಕ್ಕದಲ್ಲಿ ಕೂತಿದ್ದ ಅಪರಿಚಿತರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆ ಸಂತೋಷ ಕಪಟದ್ದಲ್ಲ. ನನ್ನ ತಕರಾರಿರುವುದು ಆ ನೋಟವೇ ಕಾಡಿನ ಪೂರ್ತಿ ನೋಟ ಎಂದು ನಂಬಿಸುವ ಚಿತ್ರಗಳ ಮೇಲೆ.

‘ವೈಲ್ಡ್ ಕರ್ನಾಟಕ’ವನ್ನೇ ತೆಗೆದುಕೊಳ್ಳಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಮ್ಮ ಅರಣ್ಯ ಇಲಾಖೆಯ ಜೊತೆ ಸೇರಿ ಮಾಡಿದ ಈ ಚಿತ್ರ 2020ರ ಜನವರಿಯಲ್ಲಿ ಥಿಯೇಟರಿಗೆ ಬಂತು. ವಾಚನ ಡೇವಿಡ್ ಆಟನ್‌ಬರೊ ಅವರದು, ಸಂಗೀತ ರಿಕ್ಕಿ ಕೇಜ್ ಅವರದು. ಮರುವರ್ಷ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಇದಕ್ಕೆ ಎರಡು ಬಂದವು. ಕನ್ನಡದ ಅವತರಣಿಕೆಗೆ ರಿಷಬ್ ಶೆಟ್ಟಿ ದನಿ ಕೊಟ್ಟರು. ಚಿತ್ರೀಕರಣಕ್ಕೆ ವರ್ಷಗಟ್ಟಲೆ ಹಿಡಿದಿದೆ, ಆ ತಾಳ್ಮೆ ತೆರೆಯ ಮೇಲೆ ಕಾಣುತ್ತದೆ. ಕಾಳಿಂಗ ಸರ್ಪವನ್ನು ಹೆದರಿಕೆಯಿಲ್ಲದೆ, ಅವಸರವಿಲ್ಲದೆ ಅಷ್ಟು ಹೊತ್ತು ನೋಡುವ ಅವಕಾಶ ಯಾವ ಜೀಪಿನಲ್ಲೂ ಸಿಗಲಾರದು. ಆದರೆ ಎಲ್ಲಿ ಹೆದರಬೇಕು, ಎಲ್ಲಿ ಕರಗಬೇಕು ಎಂಬುದನ್ನು ಸಂಗೀತ ನಮಗಿಂತ ಮೊದಲೇ ನಿರ್ಧರಿಸಿಬಿಡುತ್ತದೆ. ಕಾಡಿನಲ್ಲಿ ಭಯವೆಂಬುದು ಸದ್ದು ನಿಂತಾಗ ಬರುವಂಥದು. ಇದು ಸಣ್ಣ ಆಕ್ಷೇಪ. ದೊಡ್ಡದು ಬೇರೆ ಇದೆ: ಚಿತ್ರದ ಕಾಡಿಗೆ ಅಂಚೇ ಇಲ್ಲ. ನಮ್ಮ ಕಡೆ ಕಾಡು ಎಂದರೆ ಅಂಚು. ಇತ್ತ ಕಂಗು, ಅತ್ತ ಮೀಸಲು ಅರಣ್ಯ, ನಡುವೆ ಒಂದು ತೋಡು. ಆನೆ ದಾಟುವುದು ಆ ತೋಡನ್ನು.

2023ರ ಫೆಬ್ರವರಿ 20ರ ಬೆಳಿಗ್ಗೆ ನಮ್ಮದೇ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯನ್ನು ಆನೆ ಕೊಂದಿತು. ಅವಳ ಬೊಬ್ಬೆ ಕೇಳಿ ಓಡಿಬಂದವರೂ ಸತ್ತರು. ಆಮೇಲೆ ಪಳಗಿದ ಆನೆಗಳನ್ನು ತರಿಸಿ ಒಂದು ಕಾಡಾನೆಯನ್ನು ಹಿಡಿದು ಸಾಗಿಸಿದರು. ಆ ವಾರ ಊರಿನಲ್ಲಿ ಬೆಳಗ್ಗಿನ ಹಾಲು ಹಾಕಲು ಒಬ್ಬೊಬ್ಬರೇ ಹೋಗುತ್ತಿರಲಿಲ್ಲ. ಆನೆಯ ಮಮತೆ, ಮರಿಯಾನೆಯ ತುಂಟತನ ಇತ್ಯಾದಿಗಳನ್ನು ಅದಾದ ಮೇಲೆ ಟೀವಿಯಲ್ಲಿ ನೋಡುವಾಗ ನನಗೆ ಏನೋ ಕಸಿವಿಸಿ. ಸುಳ್ಳು ಹೇಳುತ್ತಿದ್ದಾರೆಂದಲ್ಲ. ಅರ್ಧ ಹೇಳಿ ಎದ್ದುಬಿಡುತ್ತಾರೆ.

ಆಫ್ರಿಕದಲ್ಲಿಯೂ ಇದೇ ಕತೆ. ಗ್ರಿಮೆಕ್ ತಂದೆ-ಮಗ ಸೇರಿ ಮಾಡಿದ ಸೆರೆಂಗೆಟಿಯ ಚಿತ್ರ 1959ರಲ್ಲಿ ಬಂದು ಆಸ್ಕರ್ ಪಡೆಯಿತು. ಚಿತ್ರದ ಕೆಲಸದ ನಡುವೆಯೇ ಮಗ ಮೈಕೆಲ್ ವಿಮಾನಕ್ಕೆ ರಣಹದ್ದು ಬಡಿದು ತೀರಿಕೊಂಡಿದ್ದ. ಆ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ 1959ರಲ್ಲಿ, ಅಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿಗಳನ್ನು ಸೆರೆಂಗೆಟಿಯಿಂದ ಎಬ್ಬಿಸಿ ನ್ಗೊರೊಂಗೊರೊ ಕಡೆಗೆ ಕಳಿಸಲಾಯಿತು. ನಾವು ನೋಡುವ ‘ಮನುಷ್ಯರಿಲ್ಲದ’ ಬಯಲು ಹಾಗೆ ತಯಾರಾದದ್ದು. ನಾಗರಹೊಳೆಯ ಜೇನುಕುರುಬರನ್ನು ಕೇಳಿದರೆ ಇದನ್ನು ಅವರೂ ಹೇಳಿಯಾರು. ಆ ಕಡೆ ಕಾಡಂಚಿನ ರೈತರು ಹುಲಿಗೆ ಬಲಿಯಾದ ಮೇಲೆ, 2025ರ ನವೆಂಬರಿನಲ್ಲಿ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸುವ ಆದೇಶ ಬಂತು. ನೋಡುವವರ ಕಾಡೂ ಬದುಕುವವರ ಕಾಡೂ ಒಂದೇ ಎಂದು ಸರಕಾರಕ್ಕೂ ಆ ಹೊತ್ತಿಗೆ ನೆನಪಾಗಿರಬೇಕು.

ಹಾಗಾದರೆ ಇಡಿಯಾಗಿ ಹೇಳಿದವರು ಯಾರು? ನನಗೆ ತೋಚುವುದು ಪುತ್ತೂರಿನಲ್ಲೇ ಕೂತು ಬರೆದ ಕಾರಂತರ ಹೆಸರು. 1943ರ ‘ಬೆಟ್ಟದ ಜೀವ’ದಲ್ಲಿ ಯಾರೂ ಪ್ರಾಣಿ ನೋಡಲು ಹೊರಡುವುದಿಲ್ಲ. ಕೆಳಬೈಲಿನ ಗೋಪಾಲಯ್ಯನವರಿಗೆ ಕಾಡು ಎದುರಾಳಿ, ನೆರೆಯವ, ಮನೆ ಎಲ್ಲವೂ ಹೌದು. ಕಾಟುಮೂಲೆಯ ತೋಟ ಆ ಕಾಡಿನಿಂದ ಕಿತ್ತುಕೊಂಡದ್ದು ಎಂಬುದನ್ನು ಅವರು ಮುಚ್ಚಿಡುವುದಿಲ್ಲ, ಅದಕ್ಕಾಗಿ ಕಣ್ಣೀರು ಹಾಕುವುದೂ ಇಲ್ಲ. ಅಲ್ಲಿ ಹುಲಿಗೆ ದಯೆ ಸಿಗುವುದಿಲ್ಲ; ಇವತ್ತಿನ ಓದುಗರಿಗೆ ಅದು ಚುಚ್ಚುತ್ತದೆ, ಚುಚ್ಚಲಿ. ಕಾರಂತರು ಅದನ್ನು ತೊಳೆದು ಚೊಕ್ಕಟ ಮಾಡಿಲ್ಲ. ಪಿ. ಶೇಷಾದ್ರಿಯವರ ಸಿನಿಮಾಕ್ಕೆ ಪರಿಸರದ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ನನಗೆ ಮಾತ್ರ ಕಾದಂಬರಿಯ ಕತ್ತಲೆಯೇ ಹೆಚ್ಚು ಇಷ್ಟ. ಸಿನಿಮಾದಲ್ಲಿ ಬೆಟ್ಟ ಚಂದ ಕಾಣಿಸುತ್ತದೆ. ಪುಸ್ತಕದಲ್ಲಿ ಅದು ಕಾಣಿಸುವುದಕ್ಕಿಂತ ಹೆಚ್ಚು ಕೇಳಿಸುತ್ತದೆ.

ಅಳಿಯನನ್ನು ಶಿರಾಡಿ ಕಡೆಯ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಎರಡರ ಸುಮಾರಿಗೆ ತೋಟದ ಕೆಳಗಿನಿಂದ ಬಾಳೆ ಮುರಿಯುವ ಸದ್ದು. ಮನೆಯ ಯಜಮಾನರು ಗರ್ನಾಲು ತೆಗೆದುಕೊಂಡು ಜಗಲಿಗೆ ಬಂದರು, ದೀಪ ಹಾಕಲಿಲ್ಲ. “ಆನೆ ಕಾಣ್ತದಾ?” ಎಂದು ಅಳಿಯ ಪಿಸುಗುಟ್ಟಿದ. “ಕಾಣದಿದ್ದರೆ ಒಳ್ಳೆಯದು ಮಾರಾಯ” ಎಂದರು ಅವರು. ಬೆಳಗಾದ ಮೇಲೆ ಇಳಿದು ನೋಡಿದೆವು. ಹದಿನಾಲ್ಕು ಬಾಳೆ, ಮೂರು ಕಂಗು, ತೋಡಿನ ಕೆಸರಿನಲ್ಲಿ ಬೋಗುಣಿಯಷ್ಟಗಲದ ಹೆಜ್ಜೆ, ಅದರೊಳಗೆ ನಿಂತ ನೀರು. ಕ್ಯಾಮರಾ ಅವನ ಹೆಗಲಲ್ಲೇ ಇತ್ತು. ಚೀಲದಿಂದ ಹೊರಗೆ ಬರಲಿಲ್ಲ.