ಕೆಲವು ವಾರಗಳ ಆತಿಥ್ಯ

ನಾಯಿಯ ಕುಲಲಕ್ಷಣಗಳನ್ನೂ ರೋಮದ ಕಾಂತಿಯನ್ನೂ ನಡಿಗೆಯ ಠೀವಿಯನ್ನೂ ಕುರಿತು ಗಂಟೆಗಟ್ಟಲೆ ರಸವತ್ತಾಗಿ ಮಾತನಾಡಬಲ್ಲ ಶ್ವಾನಪ್ರಿಯರು ನಮ್ಮಲ್ಲಿ ಅನೇಕರುಂಟು. ಆದರೆ ಅವರಲ್ಲಿ ತಮ್ಮ ಊರಿನ ಪ್ರಾಣಿಗಳ ಆಶ್ರಯಧಾಮದ ಬಾಗಿಲನ್ನು ಒಮ್ಮೆಯಾದರೂ ದಾಟಿದವರು ವಿರಳ. ಈ ವಾರ ಅವರನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಮಟ್ಟಿಗೆ ಪ್ರಾಣಿಸೇವೆಯ ಕಥೆಯಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯ ಹೆಸರು ಸ್ಮರಣೀಯವಾದುದು. ದೆಹಲಿಯಲ್ಲಿಯೂ ಜಯಪುರದಲ್ಲಿಯೂ ಪ್ರಾಣಿಸೇವಾ ಸಂಸ್ಥೆಗಳನ್ನು ಕಟ್ಟಿ, ವಿಶ್ರಾಂತಿಯನ್ನು ಬಯಸಿದ್ದರೆ ಯಾರೂ ಆಕ್ಷೇಪಿಸಲಾಗದಂಥ ಇಳಿವಯಸ್ಸಿನಲ್ಲಿ ನಮ್ಮ ನಗರಕ್ಕೆ ಬಂದು, 1991ರಲ್ಲಿ ಅವರು ಸ್ಥಾಪಿಸಿದ ‘ಕ್ಯೂಪಾ’ ಸಂಸ್ಥೆಯು ಅವರ ನಿಧನಾನಂತರವೂ ಬೆಳೆದು ನಿಂತಿದೆ. ಮಂಗಳೂರಿನ ಶಕ್ತಿನಗರದಲ್ಲಿಯೂ ಇಂಥದೊಂದು ಆಶ್ರಯಧಾಮವುಂಟು. ಹಣದ ಕೊರತೆ ಇಂಥ ಸ್ಥಳಗಳಿಗೆ ಹೊಸದಲ್ಲ. ಅದಕ್ಕಿಂತಲೂ ಹೆಚ್ಚಾಗಿ ಅವುಗಳನ್ನು ಬಾಧಿಸುವುದು ಸ್ಥಳದ ಕೊರತೆ, ಅದರೊಡನೆ ಸೋಂಕಿನ ಭಯ.

ತಾಯಿಯಿಂದ ಬಂದ ರೋಗನಿರೋಧಶಕ್ತಿಯು ಕುಂದುತ್ತಿರುವ, ಲಸಿಕೆಯ ರಕ್ಷಣೆಯಾದರೋ ಇನ್ನೂ ಪೂರ್ಣವಾಗಿ ದೊರೆಯದ ಎಳೆಯ ಮರಿಯನ್ನು, ಪಾರ್ವೋ ವೈರಾಣುವು ನೆಲದಲ್ಲಿಯೇ ತಿಂಗಳುಗಟ್ಟಲೆ ಉಳಿಯಬಲ್ಲ ಪ್ರಾಣಿಗಳು ಕಿಕ್ಕಿರಿದ ಆವರಣದಲ್ಲಿ ಇರಿಸುವುದೆಂದರೆ ಅದರ ಪ್ರಾಣವನ್ನು ಪಣಕ್ಕಿಟ್ಟಂತೆಯೇ ಸರಿ. ಆರೆಂಟು ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆಯಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದಿನವುಗಳನ್ನು ಹಾಕಿಸುತ್ತ, ಸುಮಾರು 16 ವಾರಗಳು ತುಂಬುವ ತನಕ ಅದಕ್ಕೆ ಬೇಕಾದುದು ಶುಚಿಯಾದ, ಪ್ರಶಾಂತವಾದ ಒಂದು ಮನೆ. ಆಶ್ರಯಧಾಮದವರು ಫಾಸ್ಟರಿಂಗ್ ಎಂದು ಕರೆಯುವ ಈ ತಾತ್ಕಾಲಿಕ ಪೋಷಣೆಯೇ, ನಾನು ಬಲ್ಲ ಮಟ್ಟಿಗೆ, ಪ್ರಾಣಿಪ್ರಿಯನು ಸಲ್ಲಿಸಬಹುದಾದ ಅತ್ಯುತ್ತಮ ಸೇವೆ. ಇತ್ತೀಚೆಗೆ ಪಾರ್ವೋ ರೋಗವು ಕಾಲಿಟ್ಟಿದ್ದ ಮನೆಗಳವರು ಮಾತ್ರ ಮರಿಗಳನ್ನು ತರಬಾರದು. ಬೆಳೆದು ಲಸಿಕೆ ಪಡೆದ ನಾಯಿಯನ್ನು ಅವರು ಧಾರಾಳವಾಗಿ ಕರೆತರಬಹುದು.

ಬೆಕ್ಕಿನ ಮರಿಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುವುದು. ಕಣ್ಣು ತೆರೆಯದ ಮರಿಗೆ ಎರಡು ಮೂರು ಗಂಟೆಗಳಿಗೊಮ್ಮೆ, ನಡುರಾತ್ರಿಯಲ್ಲಿಯೂ, ಹಾಲೂಡಬೇಕು. ಹಸುವಿನ ಹಾಲು ಅದಕ್ಕೆ ಭೇದಿ ತರುವುದಾದ್ದರಿಂದ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಮರಿಯನ್ನು ಅಂಗಾತ ಮಲಗಿಸದೆ ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ತಾಯಿಯು ನಾಲಗೆಯಿಂದ ಮಾಡುತ್ತಿದ್ದ ಕೆಲಸವನ್ನು ಒದ್ದೆ ಹತ್ತಿಯಿಂದ ಮಾಡಿ ಮಲಮೂತ್ರ ವಿಸರ್ಜನೆ ಮಾಡಿಸಬೇಕು. ನೂರಾರು ಪ್ರಾಣಿಗಳನ್ನು ಬೆರಳೆಣಿಕೆಯ ಕೆಲಸಗಾರರು ನೋಡಿಕೊಳ್ಳುವಲ್ಲಿ ರಾತ್ರಿಯೆಲ್ಲ ಹೀಗೆ ಎಚ್ಚರವಿರಬಲ್ಲವರು ಯಾರು? ಮನೆಯಲ್ಲಿ ಕುಳಿತು ಕೆಲಸ ಮಾಡುವವರೂ ನಿದ್ರೆ ಕಡಿಮೆಯಾದ ಹಿರಿಯರೂ ಇದನ್ನು ಸೊಗಸಾಗಿ ನಿರ್ವಹಿಸುವುದನ್ನು ನಾನು ಕಂಡಿದ್ದೇನೆ.

ಪದಾರ್ಥಗಳನ್ನು ಕೊಡುವವರು ಮೊದಲು ಫೋನು ಮಾಡಿ ವಿಚಾರಿಸುವುದು ಒಳ್ಳೆಯದು. ಹಳೆಯ ಬೆಡ್‌ಷೀಟು, ವೃತ್ತಪತ್ರಿಕೆ, ಗೋಣಿಚೀಲ, ಅಕ್ಕಿ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುವು. ಈರುಳ್ಳಿ ಖಾರಗಳು ಬೆರೆತ ಮದುವೆಮನೆಯ ಉಳಿಕೆ ಅನ್ನವು ನಾಯಿಗೆ ಹಿತವಲ್ಲ. ಹುಟ್ಟುಹಬ್ಬದಂದು ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವನ್ನು ನಾನು ಹೆಚ್ಚಾಗಿ ಗೌರವಿಸುವೆನು. ಔಷಧಿಯ ಲೆಕ್ಕವೂ ಕೆಲಸಗಾರರ ಸಂಬಳವೂ ತಿಂಗಳಿಗೊಮ್ಮೆ ಬರುವಂಥವಲ್ಲವೇ?

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ತೊರೆಯುವುದು, ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ ಬಂದ 1960ರ ಕಾಯಿದೆಯ ಪ್ರಕಾರ ಅಪರಾಧ. ಆದರೂ ರಾತ್ರೋರಾತ್ರಿ ಆಶ್ರಯಧಾಮದ ಗೇಟಿಗೆ ನಾಯಿಯನ್ನು ಕಟ್ಟಿಹೋಗುವವರು ಇದ್ದಾರೆ. ಅದು ನಿರ್ದಯವೆಂದು ಸ್ಪಷ್ಟವಾಗಿಯೇ ಹೇಳಬೇಕು. ದೀಪಾವಳಿಯ ಪಟಾಕಿಗೆ ಬೆದರಿ ಓಡಿಹೋದ ನಾಯಿಗಳೂ ಅಲ್ಲಿಗೆ ಬಂದು ಸೇರುತ್ತವೆ. ಕೊರಳ ಪಟ್ಟಿಯಲ್ಲಿ ಫೋನ್ ನಂಬರನ್ನು ಬರೆದಿದ್ದರೆ ಅವುಗಳಲ್ಲಿ ಎಷ್ಟೋ ಮನೆಗೆ ಮರಳುತ್ತಿದ್ದವು.

ದತ್ತು ಪಡೆಯುವವರಿಗೆ ನನ್ನ ಶಿಫಾರಸು ಮುದಿನಾಯಿ. ಎಲ್ಲರ ಕೈಗಳೂ ಮರಿಗಳ ಕಡೆಗೇ ಚಾಚುವುದರಿಂದ, ಸ್ವಭಾವವು ಪಕ್ವವಾಗಿರುವ, ಪಾದರಕ್ಷೆಗಳನ್ನು ಕಚ್ಚುವ ವಯಸ್ಸನ್ನು ಎಂದೋ ದಾಟಿರುವ ಈ ಪ್ರಾಣಿಗಳು ವರ್ಷಗಟ್ಟಲೆ ಅಲ್ಲಿಯೇ ಉಳಿದುಬಿಡುತ್ತವೆ. ಹಲ್ಲು, ಮೂತ್ರಪಿಂಡ, ಕೀಲುಗಳನ್ನು ಮೊದಲೇ ವೈದ್ಯರಿಂದ ಪರೀಕ್ಷೆ ಮಾಡಿಸಿ. ಜಾರುವ ನೆಲಕ್ಕೆ ಒಂದು ಚಾಪೆ ಹಾಸಿ. ಮೊದಲ ವಾರ ಕರೆದರೂ ಹತ್ತಿರ ಬರದಿದ್ದಲ್ಲಿ ಬಲವಂತ ಮಾಡದೆ, ಊಟದ ಹೊತ್ತನ್ನು ಮಾತ್ರ ತಪ್ಪಿಸದೆ, ಅದು ತಾನಾಗಿ ಎದ್ದು ಬರುವ ತನಕ ಕಾಯಿರಿ.